ಹಿಂದಕ್ಕೆ ಎಣಿಸುವ ಹಿತ್ತಲು

ಮೇ ತಿಂಗಳ ಮಧ್ಯಾಹ್ನ. ಪುತ್ತೂರು ಸೀಮೆಯ ಒಂದು ಮನೆಯ ಹಿಂದಿನ ಜಗಲಿ. ಊಟ ಮುಗಿಸಿ ಅತ್ತೆ, ಸೊಸೆ ಇಬ್ಬರೂ ನೆಲದ ಮೇಲೆ ಕೂತಿದ್ದಾರೆ. ಪಕ್ಕಾಸಿಗೆ ಅಡ್ಡ ಕಟ್ಟಿದ ಬಿದಿರುಗಳುವಿನಿಂದ ಬಾಳೆನಾರಿನ ಕುಣಿಕೆಯಲ್ಲಿ ಸಾಂಬಾರು ಸೌತೆಗಳು ಸಾಲಾಗಿ ತೂಗುತ್ತಿವೆ. ಒಂದಕ್ಕೊಂದು ತಾಗದ ಹಾಗೆ ಕಟ್ಟಿದ್ದಾರೆ. ತಾಗಿದ ಜಾಗದಲ್ಲೇ ಕೊಳೆ ಹತ್ತುವುದು. ಸೊಸೆಯ ತೊಡೆಯ ಮೇಲೆ ಗೋಡೆ ಕ್ಯಾಲೆಂಡರ್, ಕೈಯಲ್ಲಿ ಪೆನ್ಸಿಲ್. ಅತ್ತೆಯ ಮುಂದೆ ಹಳೆಯ ಹಾರ್ಲಿಕ್ಸ್ ಬಾಟಲಿಗಳು: ಒಂದರಲ್ಲಿ ಬೂದಿ ಬೆರೆಸಿದ ಅಲಸಂಡೆ, ಇನ್ನೊಂದರಲ್ಲಿ ಕಪ್ಪಗೆ ಮಿರುಗುವ ಹರಿವೆ ಬೀಜ. ಬೆಂಡೆ ಇನ್ನೂ ಕೋಡಿನೊಳಗೇ ಇದೆ, ಅಲುಗಿಸಿದರೆ ಗಿಲಿಗಿಲಿ ಅನ್ನುತ್ತದೆ.

"ಆಟಿಗೆ ಏನುಂಟು, ಅದು ಹೇಳು ಮೊದಲು," ಅನ್ನುತ್ತಾರೆ ಅತ್ತೆ.

ಇಡೀ ವರ್ಷದ ತರಕಾರಿಯ ಲೆಕ್ಕಾಚಾರ ಈ ಪ್ರಶ್ನೆಯಿಂದ ಶುರು. ಪೇಟೆಯವರು ಕೈತೋಟ ಮಾಡಹೊರಟಾಗ ಯಾವ ಬೀಜ ತರಲಿ ಎಂದು ಕೇಳುತ್ತಾರೆ. ಕರಾವಳಿಯ ಹಿತ್ತಲಿನಲ್ಲಿ ಕೈಯಾಡಿಸಿ ಬೆಳೆದ ಹೆಂಗಸರು ಕೇಳುವುದು ಯಾವ ತಿಂಗಳು ಅಡುಗೆಮನೆ ಬರಿದಾಗುತ್ತದೆ ಎಂದು. ಆ ಬರಿದಾದ ತಿಂಗಳನ್ನು ಮೊದಲು ಗುರುತು ಹಾಕಿಕೊಂಡು, ಅಲ್ಲಿಂದ ಹಿಂದಕ್ಕೆ ದಿನ ಎಣಿಸಿ, ಬಿತ್ತುವ ದಿನ ಕಂಡುಕೊಳ್ಳುತ್ತಾರೆ. ವರ್ಷವಿಡೀ ತಟ್ಟೆಗೆ ಹಸಿರು ಬೀಳಬೇಕಾದರೆ ಇದಕ್ಕಿಂತ ಗಟ್ಟಿಯಾದ ಉಪಾಯವನ್ನು ನಾನು ಬೇರೆಲ್ಲೂ ನೋಡಿಲ್ಲ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಅದರ ದೊಡ್ಡ ಪಾಲು ಸುರಿಯುವ ಹೊತ್ತು. ಬಸಳೆಯ ದಂಟು ಕೊಳೆಯುತ್ತದೆ, ನುಗ್ಗೆ ಎಲೆ ಉದುರಿಸಿ ನಿಲ್ಲುತ್ತದೆ. ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕೆಸುವಿನ ಪತ್ರೊಡೆ, ದಾರಿಬದಿಯ ತಗತೆ ಸೊಪ್ಪು, ಎಳೆ ಬಿದಿರಿನ ಕಣಿಲೆ, ಇವೆಲ್ಲ ಆ ತಿಂಗಳ ಅಡುಗೆಗಳು. ಈಗ ಊರೂರಲ್ಲಿ ಆಟಿಕೂಟ ನಡೆಸಿ ಅವನ್ನೇ ಹಬ್ಬದೂಟವಾಗಿ ಬಡಿಸುತ್ತಾರೆ, ಒಳ್ಳೆಯದೇ. ಅವುಗಳ ಹಿಂದೆ ಹಿತ್ತಲು ಬರಿದಾಗಿ ಕೂತ ಎಷ್ಟೋ ತಾಯಂದಿರ ಚಿಂತೆ ಇತ್ತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಸೊಸೆ ಹಿಂದಕ್ಕೆ ಎಣಿಸುತ್ತಾಳೆ. ಹರಿವೆ ಬಿತ್ತಿ 25-30 ದಿನಕ್ಕೆ ಕೀಳಲು ಸಿಗುತ್ತದೆ. ಬೆಂಡೆಗೆ 45-50 ದಿನ. ಹೀರೆ, ಪಡುವಲ, ಅಲಸಂಡೆ 50ರಿಂದ 60. ಜುಲೈ ನಡುವಿಗೆ ಕಾಯಿ ಬೇಕೆಂದರೆ ಮೇ ಕೊನೆಯ ವಾರಕ್ಕೆ ಬೀಜ ಮಣ್ಣಲ್ಲಿರಬೇಕು. ಪೆನ್ಸಿಲ್ ಬಂದು ನಿಲ್ಲುವುದು ಪತ್ತನಾಜೆಯ ಆಸುಪಾಸಿನಲ್ಲಿ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಸುಮಾರಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ಕೋಲ ನೇಮಗಳು ನಿಲ್ಲುವ ದಿನ ಅದು. ಅಂದು ಹತ್ತು ಹನಿಯಾದರೂ ಮಳೆ ಬೀಳುತ್ತದೆಂಬ ಮಾತು ತುಳುವಿನಲ್ಲಿದೆ. ಆ ಹನಿಗಳಿಗೆ ಮೊಳೆತ ಸಸಿ ಜೂನ್‌ನ ಜಡಿಮಳೆ ಹಿಡಿಯುವಷ್ಟರಲ್ಲಿ ಬೇರೂರಿ ಗೇಣುದ್ದ ಆಗಿರುತ್ತದೆ. ಎರಡು ವಾರ ತಡಮಾಡಿದರೆ ಎರಡೆಲೆಯ ಮೊಳಕೆಯ ಮೇಲೆ ಆ ಮಳೆ ಬೀಳುತ್ತದೆ. ಉಳಿದದ್ದನ್ನು ಬಸವನಹುಳು ಮುಗಿಸುತ್ತದೆ.

ಎರಡನೆಯ ಗುರುತು ಚೌತಿ. ಇದು ಪ್ರತಿ ವರ್ಷ ಜಾಗ ಬದಲಿಸುತ್ತದೆ. 2025ರಲ್ಲಿ ಆಗಸ್ಟ್ 27ಕ್ಕೆ ಬಂದಿತ್ತು. 2026ರಲ್ಲಿ ಅಧಿಕಮಾಸ ಇರುವುದರಿಂದ ಸೆಪ್ಟೆಂಬರ್ 14ಕ್ಕೆ. ಮನೆ ತುಂಬ ನೆಂಟರಿರುವ ಆ ದಿನಕ್ಕೆ ಎಳೆ ಮುಳ್ಳುಸೌತೆ ಬೇಕೇ ಬೇಕು. ಅದು ಬಿತ್ತಿದ 40-45 ದಿನಕ್ಕೆ ಮಿಡಿ ಬಿಡುವ ಬಳ್ಳಿ. ಹಾಗಾಗಿ ಪತ್ತನಾಜೆಯ ಬಿತ್ತನೆಯನ್ನು ನೆಚ್ಚಿ ಕೂರುವಂತಿಲ್ಲ, ಜುಲೈ ಕೊನೆಗೆ ಇನ್ನೊಂದು ಸಾಲು ಬೇಕು. ಮಳೆಯ ನಡುವೆ ಬಿತ್ತುವ ಸಾಲಾದ್ದರಿಂದ ಮಣ್ಣನ್ನು ಮೊಣಕಾಲೆತ್ತರಕ್ಕೆ ಏರಿಸಿ, ಮೇಲೆ ತೆಂಗಿನ ಮಡಲು ಹೊದಿಸಬೇಕು. ಸೊಸೆ ಜುಲೈ ಪುಟಕ್ಕೆ ಒಂದು ಸುತ್ತು ಹಾಕುತ್ತಾಳೆ.

ಮಣ್ಣಿನ ತಯಾರಿ ಇದಕ್ಕಿಂತ ಎಷ್ಟೋ ಮೊದಲೇ ಆಗಿದೆ. ಹಿತ್ತಲ ಮೂಲೆಯಲ್ಲಿ ಟಾರ್ಪಾಲು ಹೊದಿಸಿಟ್ಟ ಕೆಂಗಪ್ಪು ರಾಶಿ ಇದೆಯಲ್ಲ, ಅದು ಸುಡುಮಣ್ಣು. ಫೆಬ್ರವರಿ, ಮಾರ್ಚ್‌ನಲ್ಲಿ ಗುಡಿಸಿದ ತರಗೆಲೆ, ಅಡಿಕೆ ಸೋಗೆಯ ಚೂರು, ಒಣ ಕಡ್ಡಿಗಳನ್ನು ಹರಡಿ, ಮೇಲೆ ಹುಲ್ಲುಬೇರಿನ ಸಮೇತ ಕೆತ್ತಿದ ಮಣ್ಣು ಹಾಕಿ, ಮತ್ತೆ ತರಗೆಲೆ, ಮತ್ತೆ ಮಣ್ಣು ಹೇರಿ, ಗಾಳಿ ಬರುವ ಕಡೆಯಿಂದ ಬುಡಕ್ಕೆ ಬೆಂಕಿ ಕೊಡುತ್ತಾರೆ. ಉರಿ ಮೇಲೇಳಬಾರದು. ಎಲ್ಲಿ ಜ್ವಾಲೆ ಕಂಡಿತೋ ಅಲ್ಲಿಗೆ ಒಂದು ಹೆಡಿಗೆ ಮಣ್ಣು. ರಾತ್ರಿಯಿಡೀ ಒಳಗೊಳಗೇ ಬೇಯುತ್ತ, ನೀಲಿ ಹೊಗೆ ನೆಲಕ್ಕಂಟಿ ತೋಟದತ್ತ ಹರಿಯುತ್ತದೆ. ಆರಿದ ಮೇಲೆ ಹಿಡಿಯಲ್ಲಿ ತೆಗೆದರೆ ಗಂಟಿಲ್ಲದ ಹಗುರ ಪುಡಿ, ನಡುನಡುವೆ ಕಪ್ಪು ಇದ್ದಿಲ ಚೂರು. ಮಳೆಗೆ ಸಾರ ತೊಳೆದುಹೋಗಿ ಹುಳಿಗಟ್ಟಿದ ಇಲ್ಲಿನ ಕೆಂಪು ಮಣ್ಣಿಗೆ ಆ ಬೂದಿ ಮದ್ದು. ಕಳೆಬೀಜಗಳೂ ಆ ಬಿಸಿಗೆ ಸತ್ತಿರುತ್ತವೆ. ತರಕಾರಿಯ ಗುಣಿಗೆ ಹಟ್ಟಿಗೊಬ್ಬರದ ಜತೆ ಇದನ್ನು ಬೆರೆಸದೆ ಅತ್ತೆ ಒಂದು ಬೀಜವನ್ನೂ ಊರುವುದಿಲ್ಲ.

ಇನ್ನು ಯಾವುದು ಎಲ್ಲಿ ಎಂಬ ಮಾತು. ಕೆಲವು ಗಿಡಗಳ ಜಾಗ ತಲೆಮಾರಿನಿಂದ ಗೊತ್ತುಮಾಡಿದ್ದು. ಬಚ್ಚಲ ನೀರು ಹರಿಯುವಲ್ಲಿ ಬಸಳೆ ಚಪ್ಪರ, ಅದರಾಚೆ ಕೆಸು, ಬಾಳೆ. ಬಾವಿಕಟ್ಟೆಯ ಹತ್ತಿರ ತೊಂಡೆ. ನೆರಳಿದ್ದ ಕಡೆ ಅರಸಿನ, ಶುಂಠಿ. ಸುವರ್ಣಗೆಡ್ಡೆ ಅಗರಿನ ಬದಿಗೆ. ಎಂಟು ಒಂಬತ್ತು ತಿಂಗಳು ಅದನ್ನು ಯಾರೂ ಮುಟ್ಟುವಂತಿಲ್ಲ.

ಜಾಗ ಬದಲಾಗಲೇಬೇಕಾದದ್ದು ಬದನೆ, ಟೊಮೆಟೊ, ಮೆಣಸಿಗೆ. ಮೂರೂ ಒಂದೇ ಕುಟುಂಬದವು, ಮೂರಕ್ಕೂ ತಗಲುವುದು ಮಣ್ಣಲ್ಲೇ ಉಳಿದಿರುವ ದುಂಡಾಣು ಸೊರಗು ರೋಗ. ಬೆಳಗ್ಗೆ ನೆಟ್ಟಗಿದ್ದ ಗಿಡ ಸಂಜೆಗೆ ಹಸಿರಾಗಿಯೇ ಜೋತುಬೀಳುತ್ತದೆ. ಅದಕ್ಕೇ ಸೊಸೆ ಹಿತ್ತಲಿನ ನಕ್ಷೆಯನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು, ಕಳೆದ ವರ್ಷ ಬದನೆ ಇದ್ದಲ್ಲಿಗೆ ಈ ವರ್ಷ ಅಲಸಂಡೆ ಎಂದು ಗೀಟು ಎಳೆದಿದ್ದಾಳೆ. ಕಾಡಿನ ಕುದನೆ ಗಿಡದ ಬೇರಿಗೆ ಈ ರೋಗ ಸುಲಭಕ್ಕೆ ಹತ್ತದು. ಅದರ ಮೇಲೆ ಬದನೆ ಕಸಿ ಕಟ್ಟಿದ ನಾಲ್ಕು ಗಿಡಗಳೂ ಅವಳ ಪಟ್ಟಿಯಲ್ಲಿವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆಯೂ ಒಂದು ಸಾಲು ಇರಲಿ ಅನ್ನುತ್ತಾಳೆ, ಹಳದಿ ನಂಜನ್ನು ತಡೆಯಲೆಂದೇ ರೂಪಿಸಿದ ತಳಿ ಅದು. ಅತ್ತೆಗೆ ತಮ್ಮ ಬಿಳಿ ಹಾಲುಬೆಂಡೆಯೇ ಪ್ರೀತಿ. ಎರಡೂ ಉಳಿಯಲಿ ಎಂದೇ ನನ್ನ ಮನಸ್ಸು. ಆದರೆ ಬೀಜಕ್ಕೆ ಬಿಡುವ ಗಿಡಗಳು ಒಂದಕ್ಕೊಂದು ದೂರ ಇರಬೇಕು, ಜೇನುನೊಣ ಎರಡನ್ನೂ ಬೆರೆಸಿಬಿಡುತ್ತದೆ.

ಮಂಗ, ನವಿಲು, ಹಂದಿ. ಇವುಗಳ ಕಾಟಕ್ಕೆ ಹಿತ್ತಲನ್ನೇ ಬಿಟ್ಟವರು ಬಹಳ ಮಂದಿ, ಅವರನ್ನು ದೂರುವ ಹಾಗಿಲ್ಲ. ಈ ಮನೆಯಲ್ಲಿ ಸೊಪ್ಪೆಲ್ಲ ಬಲೆಯ ಒಳಗೆ, ಅಡುಗೆಮನೆಯ ಕಿಟಕಿಗೆ ಕಾಣುವಷ್ಟು ಹತ್ತಿರ.

ಎಷ್ಟು ಬೆಳೆದರೆ ಸಾಕು? ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ, ಅದರಲ್ಲಿ 100 ಗ್ರಾಂ ಸೊಪ್ಪು. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೊ ಆಯಿತು. ಇಡೀ ಮನೆಗೆ ಸುಮಾರು ಐದು ಸೆಂಟ್ಸ್, ಅಂದರೆ 200 ಚದರ ಮೀಟರ್ ಜಾಗ ಬೇಕು. ಅಷ್ಟಿಲ್ಲದವರು ಸೊಪ್ಪನ್ನೊಂದು ಹಿಡಿದುಕೊಂಡರೂ ದೊಡ್ಡ ಉಪಕಾರ. ಕಿತ್ತ ಗಳಿಗೆಯಿಂದ ಬಾಡುವ ವಸ್ತು ಅದು. ಹಿತ್ತಲಿಂದ ನೇರ ಬಾಣಲೆಗೆ ಬಿದ್ದದ್ದಕ್ಕೆ ಅಂಗಡಿಯ ಕಟ್ಟು ಸಮನಾಗದು.

ಮಳೆ ಬಿಟ್ಟ ಮೇಲಿನ ಅರ್ಧ ವರ್ಷದ ಕತೆ ಬೇರೆ, ನನ್ನನ್ನು ಹೆಚ್ಚು ಕಾಡುವುದೂ ಅದೇ. ಮುಂಚೆ ಮಳೆಗಾಲದ ಏಣೆಲು ಪೈರಿನ ಕೊಯ್ಲು ಆದದ್ದೇ ಗದ್ದೆಯನ್ನು ಉತ್ತು ಸಾಲು ಮಾಡಿ ಬೇಸಗೆಯ ತರಕಾರಿ, ಅಂದರೆ ನಟ್ಟಿಕಾಯಿ, ಹಾಕುತ್ತಿದ್ದರು. ತೋಡಿಗೆ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ ಹಾಕಿ ಊರವರೆಲ್ಲ ಸೇರಿ ಕಟ್ಟ ಕಟ್ಟುವುದು, ನಿಂತ ನೀರನ್ನು ಕೊಡದಲ್ಲಿ ಹೊತ್ತು ಬುಡಬುಡಕ್ಕೆ ಹೊಯ್ಯುವುದು. ಸಾಂಬಾರು ಸೌತೆ, ಕುಂಬಳ, ಚೀನಿಕಾಯಿ, ಕೆಂಪು ಹರಿವೆ ಎಲ್ಲ ಆ ಗದ್ದೆಯಿಂದಲೇ ಬರುತ್ತಿದ್ದವು. ತಿಂಗಳುಗಟ್ಟಲೆ ಕೆಡದೆ ಉಳಿಯುವ ಕಾಯಿಗಳನ್ನು ಆಟಿಗೆ ಒದಗಿಸುತ್ತಿದ್ದದ್ದೂ ಅದೇ ಗದ್ದೆ. ಗದ್ದೆಗಳೆಲ್ಲ ಅಡಿಕೆ ತೋಟಗಳಾದಾಗ ಅಕ್ಕಿಯ ಜತೆಗೆ ಈ ತರಕಾರಿಯೂ ಹೋಯಿತು. ಅಡಿಕೆಯ ದುಡ್ಡಿನಿಂದ ಮನೆಗಳು ಎದ್ದುನಿಂತವು, ಮಕ್ಕಳು ಓದಿದರು, ನಿಜ. ಆದರೂ ಒಂದು ತುಂಡು ಗದ್ದೆಯನ್ನಾದರೂ ಉಳಿಸಿಕೊಳ್ಳಬಹುದಿತ್ತು. ಈ ಮನೆಯವರು ಉಳಿಸಿಕೊಂಡಿದ್ದಾರೆ.

ಡಿಸೆಂಬರಿನಲ್ಲಿ ಆ ಗದ್ದೆಗೆ ಹೋದರೆ ಅಡಿಕೆ ಸಲಾಕೆಯ ಚಪ್ಪರದ ಮೇಲೆ ಹಾಗಲ ಹಬ್ಬಿರುತ್ತದೆ. ಕಿರುಬೆರಳಿನಷ್ಟಾದ ಮಿಡಿಗೇ ಹಳೆ ಸೀರೆಯ ಚೀಲ ತೊಡಿಸಿ ದಾರ ಕಟ್ಟಿದ್ದಾರೆ, ಕಾಯಿನೊಣ ಮೊಟ್ಟೆ ಚುಚ್ಚದ ಹಾಗೆ. ಪಕ್ಕದ ಬಳ್ಳಿಯ ಅತಿ ಚಂದದ ಹೀರೆಯೊಂದಕ್ಕೆ ಕೆಂಪು ಚಿಂದಿ ಕಟ್ಟಿದೆ: ಇದು ಬೀಜಕ್ಕೆ, ಯಾರೂ ಕೊಯ್ಯಬಾರದು. ಒಣಗಿದ ಮೇಲೆ ಅದು ಒಲೆಯ ಮೇಲಿನ ಹೊಗೆಗೆ ಹೋಗುತ್ತದೆ. ಸೌತೆಯ ಬೀಜವಾದರೆ ತಿರುಳು ತೊಳೆದು, ಬೂದಿ ಸೆಗಣಿಯಲ್ಲಿ ಕಲಸಿ ಹಟ್ಟಿಯ ಗೋಡೆಗೆ ತಟ್ಟುವುದು. ಹೀಗೆ ಉಳಿದ ಬೀಜ ಮನೆಯಿಂದ ಮನೆಗೆ ಹೋಗುತ್ತದೆ. ಶಿರಸಿಯ 'ವನಸ್ತ್ರೀ' ಬಳಗ 2001ರಿಂದ ಮಾಡುತ್ತ ಬಂದದ್ದು ಈ ಕೈಬದಲಿಯನ್ನೇ. ಮಲೆನಾಡಿನ ಹೆಣ್ಣುಮಕ್ಕಳು ಹಿತ್ತಲ ಬೀಜಗಳನ್ನು ಹಂಚಿಕೊಳ್ಳಲು ಕಟ್ಟಿಕೊಂಡ ಬಳಗ ಅದು.

ಗದ್ದೆಯ ಬದುವಿನ ಮೇಲೆ ನಿಂತು ಸೊಸೆ ಮುಂದಿನ ವರ್ಷದ ಮಾತೆತ್ತುತ್ತಾಳೆ. "ಆಟಿ ಕಳೆದು ಸೋಣದಲ್ಲಿ ಮೂರು ವಾರ ಸೊಪ್ಪೇ ಇರಲಿಲ್ಲ ಅಲ್ವಾ ಅತ್ತೆ? ಹರಿವೆಯನ್ನು ಒಂದೇ ಸಲ ಬಿತ್ತುವುದು ಬೇಡ, ಹದಿನೈದು ದಿನಕ್ಕೊಂದು ಮಡಿ ಹಾಕುವಾ."

"ಹಾಕುವಾ," ಅನ್ನುತ್ತಾರೆ ಅತ್ತೆ. "ಹಾಗಾದ್ರೆ ಈ ಕೆಂಪು ಹರಿವೆಯಲ್ಲಿ ಇನ್ನೂ ನಾಲ್ಕು ಗಿಡ ಹೂವಿಗೆ ಬಿಡು. ಇದ್ದ ಬೀಜ ಅಷ್ಟು ಮಡಿಗೆ ಸಾಲ್ಲಿಕ್ಕಿಲ್ಲ."