ಡ್ರೋನ್ ಎಂಜಿನಿಯರಿಂಗ್: ಓದು ಮತ್ತು ಉದ್ಯೋಗ

ಪೈಲಟ್ ಒಳಗೆ ಕೂರದೆ ಹಾರುವ ವಿಮಾನವೇ ಡ್ರೋನ್. ಅದನ್ನು ಹಾರಿಸಲು ಕೆಲವು ದಿನಗಳ ತರಬೇತಿ ಸಾಕು. ರೂಪಿಸಲು ವರ್ಷಗಟ್ಟಲೆ ಓದಬೇಕು. ಪಿಯುಸಿ ಮುಗಿಸಿ ಕೋರ್ಸ್ ಹುಡುಕುವವರು ಮೊದಲು ಅರಿಯಬೇಕಾದದ್ದು ಈ ವ್ಯತ್ಯಾಸವನ್ನು.

ಎಲ್ಲರೂ ಕಂಡಿರುವ ನಾಲ್ಕು ಫ್ಯಾನಿನ ಡ್ರೋನನ್ನೇ ನೋಡಬಹುದು. ಅದರ ಎರಡು ಮೋಟಾರುಗಳು ಗಡಿಯಾರದ ಮುಳ್ಳಿನಂತೆ, ಇನ್ನೆರಡು ಅದಕ್ಕೆ ಎದುರಾಗಿ ತಿರುಗುತ್ತವೆ. ನಾಲ್ಕೂ ಒಂದೇ ಕಡೆಗೆ ತಿರುಗಿದರೆ ಡ್ರೋನಿನ ಒಡಲೇ ವಿರುದ್ಧ ದಿಕ್ಕಿಗೆ ಗಿರಗಿರನೆ ಸುತ್ತತೊಡಗುತ್ತದೆ. ಮುಂದೆ ಸಾಗಬೇಕಾದರೆ ಹಿಂಬದಿಯ ಮೋಟಾರುಗಳ ವೇಗ ಹೆಚ್ಚಿಸಿ ಮೂತಿ ತಗ್ಗಿಸಬೇಕು. ರೆಕ್ಕೆಯ ವಿಮಾನ ಎಂಜಿನ್ ನಿಂತರೂ ಸ್ವಲ್ಪ ದೂರ ತೇಲಿ ಬಂದೀತು. ಇದಕ್ಕೆ ಆ ಅನುಕೂಲವಿಲ್ಲ. ಒಳಗಿನ ಪುಟ್ಟ ಕಂಪ್ಯೂಟರು ಸೆಕೆಂಡಿಗೆ ನೂರಾರು ಸಲ ವಾಲಿಕೆಯನ್ನು ಅಳೆದು ಮೋಟಾರುಗಳ ವೇಗ ಸರಿಪಡಿಸುತ್ತಿದ್ದರೆ ಮಾತ್ರ ಅದು ಗಾಳಿಯಲ್ಲಿ ನಿಲ್ಲುತ್ತದೆ.

ಆ ಅಳತೆಯೂ ಸುಲಭವಲ್ಲ. ಜಿಪಿಎಸ್ ಹೇಳುವ ಜಾಗ ಕೆಲವು ಮೀಟರ್ ಆಚೀಚೆ ಇರಬಹುದು. ಚಲನೆ ಅಳೆಯುವ ಸಂವೇದಕ ಚುರುಕಾದರೂ ಅದರ ಸಣ್ಣ ತಪ್ಪುಗಳು ಕ್ಷಣಕ್ಷಣಕ್ಕೂ ಕೂಡುತ್ತ ಹೋಗುತ್ತವೆ. ಎರಡನ್ನೂ ಬೆಸೆದು ನಂಬಬಹುದಾದ ಉತ್ತರ ಪಡೆಯುವ ಗಣಿತವನ್ನು ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದರು. ಚಂದ್ರಯಾತ್ರೆಯ ಅಪೊಲೊ ನೌಕೆಗಳಿಗೆ ದಾರಿ ಹೇಳಿದ ಅದೇ ವಿಧಾನ ಇಂದು ಅಂಗೈಯಗಲದ ಡ್ರೋನಿನಲ್ಲೂ ಕೆಲಸ ಮಾಡುತ್ತಿದೆ. ಮ್ಯಾಟ್ರಿಕ್ಸ್, ಸಂಭವನೀಯತೆ, ನಿಯಂತ್ರಣ ಸಿದ್ಧಾಂತಗಳು ಪಠ್ಯಕ್ರಮದಲ್ಲಿ ದೊಡ್ಡ ಪಾಲು ಪಡೆಯುವುದು ಇದೇ ಕಾರಣಕ್ಕೆ. ಇವುಗಳ ಜೊತೆಗೆ ವಾಯುಚಲನಶಾಸ್ತ್ರ, ಎಲೆಕ್ಟ್ರಾನಿಕ್ಸ್, ಪ್ರೋಗ್ರಾಮಿಂಗ್, ಹಗುರ ವಸ್ತುಗಳ ವಿನ್ಯಾಸ ಇರುತ್ತವೆ. ಬ್ಯಾಟರಿ ಮತ್ತೊಂದು ತಲೆನೋವು: ಹಾರಾಟದ ಅವಧಿ ಹೆಚ್ಚಿಸಲು ದೊಡ್ಡ ಬ್ಯಾಟರಿ ಹಾಕಿದರೆ ಅದರ ಭಾರ ಹೊರಲೆಂದೇ ಹೆಚ್ಚು ಶಕ್ತಿ ಖರ್ಚಾಗುತ್ತದೆ.

ಪದವಿಯ ಹೆಸರಿನಲ್ಲಿ ‘ಡ್ರೋನ್’ ಎಂಬ ಪದ ಇರಲೇಬೇಕಿಲ್ಲ. ಏರೋನಾಟಿಕಲ್, ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಎಲ್ಲವೂ ಇತ್ತ ಬರುವ ದಾರಿಗಳೇ. ಮೂಲ ವಿಭಾಗವೊಂದರಲ್ಲಿ ಗಟ್ಟಿಯಾಗಿ ಓದಿ, ಪ್ರಾಜೆಕ್ಟುಗಳ ಮೂಲಕ ಡ್ರೋನಿಗೆ ಬರುವುದೇ ಹೆಚ್ಚು ಭದ್ರ. ಈ ತಂತ್ರಜ್ಞಾನ ಬೇಗ ಬದಲಾಗುತ್ತದೆ, ಅಡಿಪಾಯದ ವಿಷಯಗಳು ಬದಲಾಗುವುದಿಲ್ಲ. ಆರ್ಡುಪೈಲಟ್, ಪಿಎಕ್ಸ್4 ಎಂಬ ಹಾರಾಟದ ತಂತ್ರಾಂಶಗಳು ಮುಕ್ತವಾಗಿ ಸಿಗುವುದರಿಂದ, ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಯೂ ಅವುಗಳ ಒಳಹೊಕ್ಕು ನೋಡಬಹುದು, ತಿದ್ದಬಹುದು, ಮೊದಲು ಕಂಪ್ಯೂಟರಿನಲ್ಲೇ ಹಾರಿಸಿ ಪರೀಕ್ಷಿಸಬಹುದು. ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಹಸಿರು ವಲಯದಲ್ಲಿ (ಹಾರಾಟಕ್ಕೆ ಪೂರ್ವಾನುಮತಿ ಬೇಕಿಲ್ಲದ ವಾಯುಪ್ರದೇಶದಲ್ಲಿ), ತಮ್ಮದೇ ಆವರಣದೊಳಗೆ ನಡೆಸುವ ಸಂಶೋಧನಾ ಹಾರಾಟಕ್ಕೆ 2021ರ ಡ್ರೋನ್ ನಿಯಮಗಳು ಹಲವು ಅನುಮತಿಗಳಿಂದ ವಿನಾಯಿತಿ ಕೊಟ್ಟಿವೆ.

ಮುಂದಿನ ಓದಿಗೂ ಉದ್ಯೋಗಕ್ಕೂ ಬೆಂಗಳೂರು ದೇಶದಲ್ಲೇ ಅನುಕೂಲದ ಜಾಗ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ 1942ರಿಂದಲೂ ಇದೆ. ಗೇಟ್ ಪರೀಕ್ಷೆ ಬರೆದು ಎಂ.ಟೆಕ್. ಸೇರಬಹುದು. ಲಕ್ಷ್ಯ, ನಿಶಾಂತ್ ಎಂಬ ಮಾನವರಹಿತ ವಿಮಾನಗಳನ್ನು ರೂಪಿಸಿದ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪ್ರಯೋಗಾಲಯ ಎಡಿಇ ಇಲ್ಲಿಯದೇ. ಅದರ ಪರೀಕ್ಷಾ ಹಾರಾಟಕ್ಕೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ವಿಶಾಲ ನೆಲೆಯಿದೆ. ಬೆಂಗಳೂರಿನದೇ ಇನ್ನೊಂದು ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ನಿರ್ಮಿಸಿದ ಎಂಟು ಫ್ಯಾನಿನ ಡ್ರೋನ್ 2021ರ ನವೆಂಬರಿನಲ್ಲಿ ನಗರದ ಹೊರವಲಯದ ಚಂದಾಪುರದ ಆರೋಗ್ಯ ಕೇಂದ್ರದಿಂದ ಹಾರಗದ್ದೆಗೆ ಕೋವಿಡ್ ಲಸಿಕೆಯ 50 ಸೀಸೆಗಳನ್ನು ತಲುಪಿಸಿತು.

ಸಿದ್ಧ ಡ್ರೋನುಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿತು. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ಬಿಡಿಭಾಗ ತರಿಸಲು ಅಡ್ಡಿಯಿಲ್ಲ. ಹೀಗಾಗಿ ವಿನ್ಯಾಸ, ತಂತ್ರಾಂಶ, ಪರೀಕ್ಷೆ, ಪ್ರಮಾಣೀಕರಣದ ಕೆಲಸಗಳು ಇಲ್ಲೇ ಹುಟ್ಟುತ್ತಿವೆ. ಭೂಮಾಪನವೂ ದೊಡ್ಡ ಕ್ಷೇತ್ರ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ, ನಿವೇಶನಗಳನ್ನು ಡ್ರೋನಿನಿಂದ ಅಳೆದು ಆಸ್ತಿ ಕಾರ್ಡು ಕೊಡಲಾಗುತ್ತದೆ. ಹಾರಾಟ ಮುಗಿಯುವುದು ಬೇಗ. ಸಾವಿರಾರು ಚಿತ್ರಗಳನ್ನು ಜೋಡಿಸಿ ನಕ್ಷೆ ಮಾಡಲು ಹೆಚ್ಚು ದಿನ, ಹೆಚ್ಚು ಜನ ಬೇಕು.

ಕೃಷಿಯಲ್ಲಿ ಬಿಡಿಸದ ಲೆಕ್ಕಗಳು ಇನ್ನೂ ಇವೆ. ಮಲೆನಾಡಿನಲ್ಲಿ ಅಡಿಕೆ ಮರ ಹತ್ತುವವರು ಕಡಿಮೆಯಾಗುತ್ತಿದ್ದಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಡ್ರೋನ್ ಬಂದಿದೆ. ಆದರೆ ಔಷಧ ಬೀಳಬೇಕಾದದ್ದು ಸೋಗೆಯ ಕೆಳಗಿರುವ ಗೊನೆಗೆ. ಮೇಲಿನಿಂದ ಸಿಂಪಡಿಸಿದ ಹನಿ ಸೋಗೆಯಲ್ಲೇ ನಿಂತರೆ ಪ್ರಯೋಜನವಿಲ್ಲ. ಫ್ಯಾನಿನ ಗಾಳಿ, ಹನಿಯ ಗಾತ್ರ, ಹಾರುವ ಎತ್ತರ ಮೂರನ್ನೂ ಹೊಂದಿಸಬಲ್ಲ ಎಂಜಿನಿಯರ್ ತೋಟದ ಪರಿಚಯವಿದ್ದವನಾದರೆ ಇನ್ನೂ ಒಳ್ಳೆಯದು.

ಡ್ರೋನ್ ಪೈಲಟ್ ಆಗಲು ಬೇರೆಯದೇ ಅರ್ಹತೆ: ವಯಸ್ಸು 18ರಿಂದ 65, ಹತ್ತನೇ ತರಗತಿ ಪಾಸು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಾನ್ಯತೆಯ ಕೇಂದ್ರದಲ್ಲಿ ತರಬೇತಿ. ಇವನ್ನು ಪೂರೈಸಿದವರಿಗೆ ಪೈಲಟ್ ಪ್ರಮಾಣಪತ್ರ ಸಿಗುತ್ತದೆ. 250 ಗ್ರಾಂವರೆಗಿನ ಡ್ರೋನುಗಳಿಗೂ, ವಾಣಿಜ್ಯೇತರ ಬಳಕೆಯಾದರೆ 2 ಕೆ.ಜಿ.ವರೆಗಿನವುಗಳಿಗೂ ಈ ಪ್ರಮಾಣಪತ್ರ ಬೇಕಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿ ಇದನ್ನೂ ಪಡೆದುಕೊಂಡರೆ ತಾನು ಕಟ್ಟಿದ್ದನ್ನು ಕಾಲೇಜಿನ ಆವರಣದಾಚೆಗೂ ಕಾನೂನುಬದ್ಧವಾಗಿ ಹಾರಿಸುವ ಅರ್ಹತೆ ಗಳಿಸುತ್ತಾನೆ. ಆದರೆ ಅಲ್ಲಿ ಹಾರುವ ಡ್ರೋನಿಗೆ ನೋಂದಣಿ ಸಂಖ್ಯೆಯೂ ಇರಬೇಕು.