ಮಲೆಯ ಮನೆತನವೂ ಮರಣಶಾಸನದ ವಹಿಯೂ

ಚಾಮರಾಜನಗರದ ಪೇಟೆಯಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಚಾಮರಾಜೇಶ್ವರನ ದೇವಾಲಯವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ತಮ್ಮ ತಂದೆಯ ಹೆಸರು ಶಾಶ್ವತವಾಗಲೆಂದು ಕಟ್ಟಿಸಿದರು. ಅದಕ್ಕೆ ಎಂಟು ವರ್ಷ ಮುಂಚಿತವಾಗಿಯೇ, ತಂದೆ ಹುಟ್ಟಿದ ಅರಿಕುಠಾರವೆಂಬ ಊರಿಗೆ ಚಾಮರಾಜನಗರವೆಂದು ಹೆಸರಿಟ್ಟಿದ್ದರು. ಗುಂಡ್ಲುಪೇಟೆಯ ಪರವಾಸುದೇವ ದೇಗುಲವೂ ಇಂಥದೇ ಒಂದು ಪಿತೃಋಣದ ಸಂದಾಯ. ಅದು ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸದ್ಗತಿಗಾಗಿ ಎತ್ತಿಸಿದ ಗುಡಿ. ಅರಸುಮನೆತನದ ವಂಶಾವಳಿಯನ್ನು ಅರಸುವವನಿಗೆ ಈ ಎರಡು ಊರುಗಳಲ್ಲಿ ಕಲ್ಲೇ ಸಾಕ್ಷಿ ನುಡಿಯುತ್ತದೆ. ಆದರೆ ಚಾಮರಾಜನಗರದಿಂದ ಮೂಡಣಕ್ಕೆ ಮುಖಮಾಡಿ ನಿಂತರೆ ನೀಲಿಯಾಗಿ ಕಾಣುವ ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲಿ, ಅರಸರಲ್ಲದಿದ್ದರೂ ಆಳುಕಾಳುಗಳ ಬಾಯಲ್ಲಿ ದೊರೆಗಳೆನ್ನಿಸಿಕೊಂಡ ಪರದೇಶದ ಮನೆತನವೊಂದು ಎರಡು ತಲೆಮಾರು ಬಾಳಿ ಹೊರಟುಹೋಯಿತು. ಆ ಮನೆತನ ಬಿಟ್ಟುಹೋದದ್ದು ಗುಡಿಯನ್ನಲ್ಲ. ಕಾಫಿಯ ತೋಟವನ್ನು, ಮತ್ತು ನಾಲ್ಕಾರು ಊರುಗಳ ಕಚೇರಿಗಳಲ್ಲಿ ಹಂಚಿಹೋಗಿರುವ ಕಾಗದಗಳನ್ನು.

ಸ್ಕಾಟ್ಲೆಂಡಿನ ಮೂಲದ ರ‍್ಯಾಂಡಾಲ್ಫ್ ಹೇಟನ್ ಮಾರಿಸ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಬೆಟ್ಟವನ್ನೇರಿ ಅತ್ತಿಕಾನೆಯಲ್ಲಿ ಕಾಫಿ ಹಾಕಿದನು. ಬೆಟ್ಟದ ತಪ್ಪಲಿನಲ್ಲಿ ಸ್ಯಾಂಡರ್ಸನ್ ಎಂಬ ಸಂಸ್ಥಾನದ ಅಧಿಕಾರಿ ಆನೆಗಳನ್ನು ಖೆಡ್ಡಾಕ್ಕೆ ಕೆಡಹಿ ಆಗಿನ್ನೂ ಬಹುಕಾಲ ಕಳೆದಿರಲಿಲ್ಲ. ಒಮ್ಮೆ ಕಾಟಿಯೊಂದು ಮಾರಿಸನನ್ನು ತಿವಿದು ಘೋರವಾಗಿ ಗಾಯಗೊಳಿಸಿತೆಂಬುದು ಆ ಮನೆತನದ ಕಥೆಯಲ್ಲಿ ಮರೆಯದೆ ಉಳಿದ ಸಂಗತಿ. ಆತನ ಮಗ ಆರ್. ಸಿ. ಮಾರಿಸ್ ಹೊನ್ನಮೇಟಿಯ ತೋಟದಲ್ಲಿ ನೆಲೆಸಿ ಪ್ಲಾಂಟರನಾಗಿ, ಬೇಟೆಗಾರನಾಗಿ, ಎಲ್ಲಕ್ಕಿಂತ ಮಿಗಿಲಾಗಿ ಕಾಡಿನ ಜೀವಿಗಳನ್ನು ಕಣ್ಣಿಟ್ಟು ನೋಡಿ ಬರೆದವನಾಗಿ ಪ್ರಸಿದ್ಧನಾದನು. 1883ರಲ್ಲಿ ಸ್ಥಾಪಿತವಾದ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಆತನ ಟಿಪ್ಪಣಿಗಳು ವರ್ಷವರ್ಷವೂ ಅಚ್ಚಾಗುತ್ತಿದ್ದುವು. ನೀಲಗಿರಿಯ ಕಿನ್‌ಲಾಕ್ ಮನೆತನದ ಹೆದರ್ ಆತನ ಕೈಹಿಡಿದಳು. 1920ರಲ್ಲಿ ಮಗಳು ಮೋನಿಕಾ ಹುಟ್ಟಿದಳು. ಸ್ವಾತಂತ್ರ್ಯ ಬಂದ ಮೇಲೆ ಕೆಲವು ವರ್ಷಗಳಲ್ಲಿ ತೋಟ ಕೈಬದಲಾಗಿ, ಸಂಸಾರ ಸಮುದ್ರ ದಾಟಿತು.

ಇಂಥ ಮನೆತನವೊಂದರ ಜಾಡನ್ನು ಉಯಿಲುಗಳಿಂದಲೂ ಆಸ್ತಿಯ ದಾಖಲೆಗಳಿಂದಲೂ ಹಿಡಿಯುವುದು ಹೇಗೆ ಎಂಬುದೇ ಈ ಬರಹದ ವಿಷಯ. ನಮ್ಮ ಕಡೆಯ ಜನಕ್ಕೆ ಎಸ್ಟೇಟೆಂದರೆ ಕಾಫಿಯ ತೋಟವೇ ಹೊರತು ಬೇರೆಯಲ್ಲ. ಕೋರ್ಟಿನ ಭಾಷೆಯಲ್ಲಾದರೋ ಸತ್ತವನು ಬಿಟ್ಟುಹೋದ ಸಮಸ್ತ ಚರಸ್ಥಿರ ಸೊತ್ತಿಗೂ ಅದೇ ಮಾತು. ಬೆಟ್ಟದ ಮೇಲಿನ ಈ ಮನೆತನದ ಮಟ್ಟಿಗೆ ಎರಡು ಅರ್ಥಗಳೂ ಒಂದರೊಳಗೊಂದು ಬೆರೆತುಹೋಗಿವೆ. ಉಯಿಲು ಇಂಗ್ಲಿಷಿನಿಂದ ಬಂದು ನಮ್ಮ ನಾಲಗೆಗೆ ಒಗ್ಗಿಹೋದ ಶಬ್ದ. ಮರಣಶಾಸನವೆಂಬ ಗಂಭೀರವಾದ ಸಂಸ್ಕೃತ ಪದ ಹಳೆಯ ದಸ್ತಾವೇಜುಗಳ ತಲೆಬರಹದಲ್ಲಿ ಇಂದಿಗೂ ಕಾಣಸಿಗುತ್ತದೆ. ನನಗೆ ಈ ಎರಡನೆಯದೇ ಹೆಚ್ಚು ಪ್ರಿಯ. ಬರೆದವನು ಬದುಕಿರುವವರೆಗೂ ಮೂಕವಾಗಿದ್ದು, ಅವನು ಕಣ್ಮುಚ್ಚಿದ ಕ್ಷಣದಿಂದ ಆಜ್ಞೆಯಾಗಿ ನಡೆಯತಕ್ಕ ಬರಹಕ್ಕೆ ಶಾಸನವೆಂಬ ಹೆಸರೇ ಒಪ್ಪುವಂಥದು.

ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ದಾಖಲೆಗಳನ್ನು ಪುಸ್ತಕಗಳಾಗಿ ವಿಂಗಡಿಸಿ ಇಡುವ ಕ್ರಮ 1908ರ ನೋಂದಣಿ ಕಾಯಿದೆಯಲ್ಲಿ ಸ್ಪಷ್ಟವಾಗಿದೆ. ಒಂದನೆಯ ಪುಸ್ತಕದಲ್ಲಿ ಕ್ರಯ, ಭೋಗ್ಯ, ವಿಭಾಗ ಮುಂತಾದ ಸ್ಥಿರಾಸ್ತಿಯ ಪತ್ರಗಳು; ಎರಡನೆಯದರಲ್ಲಿ ನೋಂದಣಿಗೆ ಒಲ್ಲೆನೆಂದ ಕಾರಣಗಳು; ಮೂರನೆಯದರಲ್ಲಿ ಉಯಿಲುಗಳು ಮತ್ತು ದತ್ತು ತೆಗೆದುಕೊಳ್ಳಲು ಕೊಟ್ಟ ಅಧಿಕಾರಪತ್ರಗಳು. ಉಯಿಲನ್ನು ನೋಂದಾಯಿಸಲೇಬೇಕೆಂಬ ನಿರ್ಬಂಧವಿಲ್ಲ, ಇಂಥ ಅವಧಿಯೊಳಗೆ ಎಂಬ ಗಡುವೂ ಇಲ್ಲ. ಲಕೋಟೆಯಲ್ಲಿಟ್ಟು ಮೊಹರು ಹಾಕಿ ಜಿಲ್ಲಾ ರಿಜಿಸ್ಟ್ರಾರರ ವಶಕ್ಕೊಪ್ಪಿಸಿ ಬರುವುದಕ್ಕೂ ಅವಕಾಶವುಂಟು, ಅಂಥವುಗಳ ವಿವರ ಐದನೆಯ ಪುಸ್ತಕಕ್ಕೆ ಏರುತ್ತದೆ. ಹಳೆಯ ಸಂಪುಟವೊಂದನ್ನು ಮೇಜಿನ ಮೇಲೆ ಬಿಡಿಸಿದಾಗ ಮೊದಲು ಮೂಗಿಗೆ ಬಡಿಯುವುದು ಧೂಳಿನ ವಾಸನೆ. ಆಮೇಲೆ ಕಣ್ಣಿಗೆ ಬೀಳುವುದು ನಕಲು ಗುಮಾಸ್ತನ ಕೈಬರಹ, ಮಸಿ ಕಂದಿ ಕಾಚಿನ ಬಣ್ಣಕ್ಕೆ ತಿರುಗಿದ ಒತ್ತಕ್ಷರಗಳು, ತಿದ್ದಿದಲ್ಲೆಲ್ಲ ಹಾಕಿದ ಚಿಕ್ಕ ಸಹಿ. ಮೂಲ ಪತ್ರ ಪಕ್ಷಗಾರನ ಕೈಗೆ ಹೋಗಿರುತ್ತದೆ. ಸಂಸ್ಥಾನದ ಕಾಲದ್ದಾದರೆ ಗಂಡಭೇರುಂಡದ ಛಾಪಾ ಕಾಗದ ಅದರೊಡನೆಯೇ ಹೋಯಿತು. ವಹಿಯಲ್ಲಿ ಉಳಿಯುವುದು ಮಾತಿನ ಪ್ರತಿ ಮಾತ್ರ.

ಹುಡುಕುವವನಿಗೆ ವಹಿಗಿಂತ ಮೊದಲು ಬೇಕಾದದ್ದು ಇಂಡೆಕ್ಸು. ಒಂದು ಮತ್ತು ಎರಡನೆಯ ಇಂಡೆಕ್ಸುಗಳು ಒಂದನೆಯ ಪುಸ್ತಕಕ್ಕೆ ಸಂಬಂಧಪಟ್ಟವು. ಮೊದಲನೆಯದರಲ್ಲಿ ಹೆಸರುಗಳಿಂದ, ಎರಡನೆಯದರಲ್ಲಿ ಸ್ವತ್ತಿನಿಂದ ಹುಡುಕಬಹುದು. ಮೂರನೆಯ ಇಂಡೆಕ್ಸು ಉಯಿಲುಗಳದು. ಅದರಲ್ಲಿ ಬರೆದವನ ಹೆಸರನ್ನೂ ಅವನು ನೇಮಿಸಿದ ನಿರ್ವಾಹಕರ ಹೆಸರನ್ನೂ ಮೊದಲೇ ನಮೂದಿಸತಕ್ಕದ್ದೆಂದೂ, ಆಸ್ತಿ ಪಡೆಯುವವರ ಹೆಸರುಗಳನ್ನು ಮಾತ್ರ ಬರೆದವನು ಮರಣಿಸಿದ ಬಳಿಕವಲ್ಲದೆ ಸೇರಿಸತಕ್ಕದ್ದಲ್ಲವೆಂದೂ ಕಾನೂನು ವಿಧಿಸುತ್ತದೆ. ಈ ಒಂದು ವಾಕ್ಯದಲ್ಲಿ ಎಷ್ಟು ಲೋಕಜ್ಞಾನವಿದೆಯೆಂಬುದನ್ನು ಕಂಡು ನಾನು ಎಷ್ಟೋ ಸಲ ಬೆರಗಾಗಿದ್ದೇನೆ. ತಂದೆ ಬದುಕಿರುವಾಗಲೇ ಮಕ್ಕಳು ವಹಿ ತೆಗೆಸಿ ತಮ್ಮ ಪಾಲೆಷ್ಟೆಂದು ನೋಡಿ ಮನೆಗೆ ಬೆಂಕಿ ಹಚ್ಚದಿರಲೆಂದು, ಕಾನೂನು ಬರೆದವರು ಹೆಸರಿಗೂ ಮರಣಕ್ಕೂ ನಡುವೆ ಒಂದು ತೆರೆ ಎಳೆದರು.

ಆದರೆ ಯುರೋಪಿಯನ್ ಮನೆತನದ ಉಯಿಲನ್ನು ಅರಸುವವನು ಮೂರನೆಯ ಪುಸ್ತಕವನ್ನೇ ನಂಬಿ ಕೂರುವಂತಿಲ್ಲ. ಹಿಂದೂಗಳೂ ಮುಸಲ್ಮಾನರೂ ಅಲ್ಲದವರ ವಾರಸಿಕೆಗಾಗಿಯೇ ಮೊದಲು ರಚಿತವಾದದ್ದು 1865ರ ಉತ್ತರಾಧಿಕಾರ ಕಾಯಿದೆ. ಅದರ ಮುಖ್ಯಾಂಶಗಳು 1925ರ ಕಾಯಿದೆಯಲ್ಲಿ ಇಂದಿಗೂ ನೆಲೆಗೊಂಡಿವೆ. ಆ ಕಾಲದಲ್ಲಿ ಅದರ ಪ್ರಕಾರ ನಿರ್ವಾಹಕನು ಕೋರ್ಟಿನಿಂದ ಉಯಿಲಿನ ದೃಢೀಕರಣವಾದ ಪ್ರೊಬೇಟ್ ಪಡೆದ ಹೊರತು ಉಯಿಲಿನ ಬಲದಿಂದ ಹಕ್ಕು ಸಾಧಿಸುವಂತಿರಲಿಲ್ಲ. ಪಡೆದ ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಒಂದು ವರ್ಷದೊಳಗೆ ಲೆಕ್ಕವನ್ನೂ ಕೋರ್ಟಿಗೆ ಒಪ್ಪಿಸಬೇಕು. ಸಂಶೋಧಕನ ನಿಧಿ ಇರುವುದು ಆ ಪಟ್ಟಿಯಲ್ಲಿ. ಉಯಿಲು ಸತ್ತವನ ಇಚ್ಛೆಯನ್ನು ಹೇಳೀತು. ಪಟ್ಟಿಯಾದರೋ ಅವನು ಯಾವ ಕುರ್ಚಿಯಲ್ಲಿ ಕೂತಿದ್ದನು, ಗೋಡೆಗೆ ಎಷ್ಟು ಬಂದೂಕು ಒರಗಿದ್ದುವು, ಅಂಗಡಿಯವನಿಗೆ ಎಷ್ಟು ಬಾಕಿಯಿತ್ತು ಎಂಬುದನ್ನೆಲ್ಲ ಬಿಚ್ಚಿಡುತ್ತದೆ. ಮದರಾಸು, ಕಲ್ಕತ್ತೆ, ಮುಂಬಯಿ ಆಧಿಪತ್ಯಗಳಿಂದ ಲಂಡನ್ನಿಗೆ ಹೋದ ಇಂಥ ಉಯಿಲುಗಳೂ ಆಸ್ತಿಪಟ್ಟಿಗಳೂ ಇಂಡಿಯಾ ಆಫೀಸಿನ ದಾಖಲೆಗಳಲ್ಲಿ 1780ರ ಸುಮಾರಿನಿಂದ ಸಾಲುಗಟ್ಟಿವೆ. ಅವೀಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹುಟ್ಟು, ಮದುವೆ, ಮಣ್ಣುಮಾಡಿದ ದಿನಗಳನ್ನು ತಿಳಿಸುವ ಚರ್ಚಿನ ವರದಿಗಳೂ ಅಲ್ಲಿಯೇ ಆಧಿಪತ್ಯವಾರಾಗಿ ವಿಂಗಡಿತವಾಗಿವೆ. ಇಂಗ್ಲೆಂಡಿಗೆ ಮರಳಿ ಅಲ್ಲಿಯೇ ತೀರಿಕೊಂಡವರದಾದರೆ 1858ರಿಂದೀಚೆಗೆ ಅಲ್ಲಿ ವರ್ಷವರ್ಷವೂ ಅಚ್ಚಾದ ಪ್ರೊಬೇಟ್ ಪಟ್ಟಿಗಳನ್ನು ನೋಡಬೇಕು.

ಇಲ್ಲಿ ಗಡಿಗಳ ತೊಡಕು ಬೇರೆ. ಬಿಳಿಗಿರಿರಂಗನ ಬೆಟ್ಟ ಇಂದು ಚಾಮರಾಜನಗರ ಜಿಲ್ಲೆಯದಷ್ಟೆ. ಆದರೆ ಆ ಜಿಲ್ಲೆ ಮೈಸೂರಿನಿಂದ ಬೇರ್ಪಟ್ಟು ಹುಟ್ಟಿದ್ದೇ 1997ರಲ್ಲಿ. ಮಾರಿಸರ ಕಾಲದಲ್ಲಿ ಬೆಟ್ಟದ ಪಶ್ಚಿಮದ ಮಗ್ಗುಲು ಮೈಸೂರು ಸಂಸ್ಥಾನಕ್ಕೆ ಸೇರಿದ್ದರೆ, ಪೂರ್ವದ ಕೊಳ್ಳೇಗಾಲದ ಸೀಮೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿತ್ತು. ಅದು ಮೈಸೂರಿಗೆ ಬಂದದ್ದು 1956ರ ನವೆಂಬರಿನಲ್ಲಿ. ಬೀಗರ ನಾಡಾದ ನೀಲಗಿರಿಯಂತೂ ಗುಂಡ್ಲುಪೇಟೆಯ ಮೇಲೆ ಹಾದು ಬಂಡೀಪುರದ ಕಾಡನ್ನು ದಾಟಿ ಹೋಗಬೇಕಾದ ಮತ್ತೊಂದು ಜಿಲ್ಲೆ. ಹೀಗೆ ಒಂದೇ ಬೆಟ್ಟದ ಒಂದೇ ಸಂಸಾರಕ್ಕಾಗಿ ಚಾಮರಾಜನಗರದ ರೆವಿನ್ಯೂ ದಫ್ತರವನ್ನೂ, ಮೈಸೂರು ಮತ್ತು ಬೆಂಗಳೂರಿನ ಪತ್ರಾಗಾರಗಳನ್ನೂ, ಕೊಯಮತ್ತೂರು, ಉದಕಮಂಡಲ, ಮದರಾಸುಗಳನ್ನೂ ತಿರುಗಬೇಕಾಗುತ್ತದೆ. ಹೊರಡುವ ಮುನ್ನ ಆಯಾ ವರ್ಷದಲ್ಲಿ ಆಯಾ ಹಳ್ಳಿ ಯಾವ ಜಿಲ್ಲೆಯದಾಗಿತ್ತೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ತಿಂಗಳುಗಟ್ಟಲೆಯ ಅಲೆದಾಟ ತಪ್ಪುತ್ತದೆ. ನಾನು ಹಾಗೆ ಮಾಡದೆ ಒಮ್ಮೆ ಒಂದು ಮಳೆಗಾಲವನ್ನೇ ಕಳೆದುಕೊಂಡೆ.

ಹೆಸರುಗಳನ್ನು ಓದುವುದಕ್ಕೂ ಒಂದು ಹದವುಂಟು. ನಮ್ಮಲ್ಲಿ ಹೆಸರಿನ ಹಿಂದಿನ ಅಕ್ಷರಗಳು ಊರನ್ನೂ ತಂದೆಯನ್ನೂ ಸೂಚಿಸುವಂತೆ, ಆ ಜನರಲ್ಲಿ ನಡುವಿನ ಹೆಸರು ಎಷ್ಟೋ ವೇಳೆ ತಾಯಿಯ ಅಥವಾ ಅಜ್ಜಿಯ ತವರನ್ನು ಸೂಚಿಸುತ್ತದೆ. ತಂದೆಗೆ ಹೇಟನ್, ಮಗನಿಗೆ ಕ್ಯಾಮ್ರೂ. ಹುಡುಕುವವನು ಇವೆರಡನ್ನೂ ಅಲಂಕಾರವೆಂದು ಬಿಡದೆ ಎರಡು ಎಳೆಗಳಾಗಿ ಹಿಡಿದು ಹಿಂದಕ್ಕೆ ಹೋಗತಕ್ಕದ್ದು. ಆರ್. ಸಿ. ಮಾರಿಸನ ವಿಷಯದಲ್ಲಿ ಉಯಿಲಿಗಿಂತಲೂ ನಂಬಬಹುದಾದ ಇನ್ನೊಂದು ದಾಖಲೆಯುಂಟು: ನಿಸರ್ಗ ಸಂಘದ ಪತ್ರಿಕೆಗೆ ಬರೆದ ಟಿಪ್ಪಣಿಗಳ ಕೊನೆಯಲ್ಲಿ ತೋಟದ ಹೆಸರು, ಅಂಚೆಯ ಹೆಸರು, ತಾರೀಖು ತಪ್ಪದೆ ಇರುತ್ತಿದ್ದುವು. ಆನೆಯ, ಹುಲಿಯ, ಕಾಟಿಯ ಸಮಾಚಾರದ ಅಡಿಯಲ್ಲಿ ಆ ಮನುಷ್ಯ ಯಾವ ತಿಂಗಳು ಎಲ್ಲಿದ್ದನೆಂಬುದು ತಾನಾಗಿ ದಾಖಲಾಗಿಹೋಗಿದೆ.

ಕೆಳಗಿನ ಬಯಲಿನಲ್ಲಿ, ಅದೇ ಕಾಲದ ನಮ್ಮ ಮನೆತನಗಳ ಜಾಡು ಬೇರೊಂದು ಬಗೆಯದು. ಮಿತಾಕ್ಷರದ ಅವಿಭಕ್ತ ಕುಟುಂಬದಲ್ಲಿ ಪಿತ್ರಾರ್ಜಿತಕ್ಕೆ ಉಯಿಲೇ ಬೇಕಿರಲಿಲ್ಲ; ಗಂಡುಮಗು ಹುಟ್ಟಿದಾಗಲೇ ಅದರ ಹಕ್ಕೂ ಹುಟ್ಟುತ್ತಿತ್ತು. ಆದಕಾರಣ ಇಲ್ಲಿ ಹುಡುಕತಕ್ಕದ್ದು ಒಂದನೆಯ ಪುಸ್ತಕದ ಪಾಲುಪಟ್ಟಿಗಳನ್ನು. ಮೈಸೂರಿನ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಬಂದ ಮೇಲೆ, ಅದುವರೆಗೆ ಜೀವನಾಂಶದ ಸಾಲಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿದ್ದ ತಾಯಂದಿರೂ ವಿಧವೆಯರೂ ಪಾಲುದಾರರಾಗಿ ಹೆಸರು ಪಡೆದದ್ದನ್ನು ಕಾಣಬಹುದು. ಬೆಟ್ಟದ ಬುಡದಲ್ಲಿಯೇ ಇರುವ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಂದಿತು. 1812ರಲ್ಲಿ ಅವರು ತೀರಿಕೊಂಡ ಮೇಲೂ ಅದು ವಂಶದಲ್ಲಿ ಇಳಿದು ಬಂದು, ಅದೇ ವಂಶದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ದಿವಾನರಾದರು. ಇನಾಮುಗಳನ್ನು ರದ್ದುಪಡಿಸಿದ ಕಾನೂನು 1954ರಲ್ಲಿ ಬಂದಾಗ, ಪರಿಹಾರ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯಿಂದಲೇ ಎಷ್ಟೋ ಇನಾಮುದಾರ ಮನೆತನಗಳ ವಂಶವೃಕ್ಷ ಸರ್ಕಾರಿ ಕಡತದಲ್ಲಿ ಚಿತ್ರಿತವಾಯಿತು.

ಮಾರಿಸರ ಕಥೆಯ ಕೊನೆಯ ಕೊಂಡಿ ಯಾವ ಕಚೇರಿಯಲ್ಲೂ ಸಿಕ್ಕುವಂಥದಲ್ಲ. ಕಾಡಿನ ಮನೆಯಲ್ಲಿ ಬೆಳೆದ ಮೋನಿಕಾ 1955ರಲ್ಲಿ ಎಲಿಜಬೆತ್ ಸ್ಟಾರ್ಕ್ ಮತ್ತು ಎವೆಲಿನ್ ಕ್ಯಾಮ್ರಾಸರೊಡನೆ ನೇಪಾಳದ ಜುಗಲ್ ಹಿಮಾಲಯಕ್ಕೆ ಹೋದಳು. ಹೆಂಗಸರೇ ಸೇರಿ ಕೈಕೊಂಡ ಮೊದಲ ಹಿಮಾಲಯ ಯಾತ್ರೆಯೆಂದು ಅದು ಹೆಸರಾಗಿದೆ. ವೃದ್ಧಾಪ್ಯದಲ್ಲಿ ಮತ್ತೆ ಬಿಳಿಗಿರಿಗೆ ಬಂದು, ತಾನು ಬಾಲ್ಯ ಕಳೆದ ಕಾಡನ್ನೂ ಅಲ್ಲಿನ ಮೂಲನಿವಾಸಿಗಳಾದ ಸೋಲಿಗರನ್ನೂ ಕುರಿತು ಒಂದು ಪುಸ್ತಕ ಬರೆದಳು. 2020ರಲ್ಲಿ ತೊಂಬತ್ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಳು. ತೋಟ ಯಾರ ಕೈಗೆ ಹೋಯಿತೆಂಬುದನ್ನು ಕ್ರಯಪತ್ರ ಹೇಳುತ್ತದೆ. ತೋಟದಲ್ಲಿ ಬೆಳೆದ ಹುಡುಗಿಯೊಬ್ಬಳು ಏನನ್ನು ಹೊತ್ತುಕೊಂಡು ಹೋದಳೆಂಬುದಕ್ಕೆ ಆ ಪುಸ್ತಕವನ್ನೇ ಓದಬೇಕು.

ಇನ್ನು, ಈ ಉಯಿಲುಗಳಲ್ಲಿ ಹೆಸರಾಗಿಯೂ ಬಾರದ ಜನ. ತೋಟದ ಮೇಸ್ತ್ರಿ, ಬುಟ್ಟಿ ಕಟ್ಟಿಕೊಂಡು ಹಣ್ಣು ಬಿಡಿಸಿದ ಹೆಂಗಸರು, ಬೇಟೆಯಲ್ಲಿ ಮುಂದೆ ನಡೆದು ಹೆಜ್ಜೆ ತೋರಿಸಿದ ಸೋಲಿಗ, ಇವರೆಲ್ಲರೂ ಉಳಿದರೆ ಉಳಿದದ್ದು ಚೆಕ್‌ರೋಲಿನಲ್ಲಿ, ಹಾಜರಿಯ ಗೀಟುಗಳಾಗಿ. ಮಾರಿಸರಿಗಿಂತ ಎಷ್ಟೋ ತಲೆಮಾರು ಮುಂಚಿನಿಂದ ಆ ಬೆಟ್ಟದಲ್ಲಿದ್ದ ಸೋಲಿಗರು ತಮ್ಮ ತಮ್ಮ ಕುಲಕ್ಕೆ ಸೇರಿದ ಸೀಮೆಯನ್ನು ಯೆಲ್ಲೆಯೆಂದು ಕರೆಯುತ್ತಿದ್ದರು. ಅದರೊಳಗೆ ದೇವರು, ಮಾರಮ್ಮ, ವೀರು, ನೀರಿನ ಅಬ್ಬಿ, ಸತ್ತವರಿಗೆ ಕಲ್ಲಿಟ್ಟ ಕಲ್ಲುಗುಡಿ ಎಲ್ಲಕ್ಕೂ ಸ್ಥಾನವಿತ್ತು. ಅದಕ್ಕೆ ಸರ್ವೆ ನಂಬರು ಇರಲಿಲ್ಲವಾಗಿ ಯಾವ ಇಂಡೆಕ್ಸಿನಲ್ಲಿಯೂ ಅದು ಕಾಣದು. 1974ರಲ್ಲಿ ಅಭಯಾರಣ್ಯವಾದ ಬೆಟ್ಟ 2011ರ ಹೊತ್ತಿಗೆ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ 2011ರಲ್ಲಿ, 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 25 ಗ್ರಾಮಸಭೆಗಳ ಸೋಲಿಗರಿಗೆ ಸಾಮುದಾಯಿಕ ಹಕ್ಕುಪತ್ರಗಳು ಕೈಸೇರಿದುವು.

ಆ ಕಾಯಿದೆಯ ನಿಯಮಗಳಲ್ಲಿ ಯಾವುದು ಸಾಕ್ಷ್ಯವಾಗಬಹುದೆಂದು ಹೇಳುವ ಭಾಗವೊಂದಿದೆ. ಸರ್ಕಾರಿ ದಾಖಲೆ, ಗೆಜೆಟಿಯರು, ನಕ್ಷೆ ಇವುಗಳ ಸಂಗಡವೇ ಹಳೆಯ ಮಸಣ, ಪೂಜಾಸ್ಥಾನಗಳೂ, ಹಕ್ಕು ಕೇಳುವವನನ್ನು ಬಿಟ್ಟು ಬೇರೆ ಹಿರಿಯರು ಹೇಳಿ ಬರೆಸಿದ ಮಾತೂ ಪ್ರಮಾಣವೆಂದು ಅದು ಒಪ್ಪುತ್ತದೆ. ಅಬ್ಬಿಯಿಂದ ಇತ್ತ ಯಾರ ಕುಲ, ಯಾವ ಕಲ್ಲುಗುಡಿಯಲ್ಲಿ ಯಾರನ್ನು ಇಟ್ಟರು ಎಂದು ಮುದುಕರು ಆಡಿದ ಮಾತು ಕಾಗದಕ್ಕೆ ಇಳಿದು, ಗ್ರಾಮಸಭೆಯನ್ನು ದಾಟಿ, ಚಾಮರಾಜನಗರದ ಜಿಲ್ಲಾ ಸಮಿತಿಯ ಕಡತವನ್ನು ಸೇರುವ ದಾರಿ ಇದು. ಮುಂದೆ ಎಂದಾದರೂ ಸೋಲಿಗರ ಮೊಮ್ಮಗಳೊಬ್ಬಳು ತನ್ನ ಮುತ್ತಜ್ಜನನ್ನು ಹುಡುಕಿಕೊಂಡು ಬೆಟ್ಟದಿಂದಿಳಿದು ಆ ಊರಿಗೆ ಬಂದರೆ, ಅವಳು ಗುಮಾಸ್ತನನ್ನು ಕೇಳಬೇಕಾದದ್ದು ಮೂರನೆಯ ಪುಸ್ತಕವನ್ನಲ್ಲ, ಆ ಕಡತವನ್ನು.