ಇಂಗ್ಲಿಷ್ ಪೋರ್ಟರಿನ ರುಚಿಪರೀಕ್ಷೆ: ರಾಗಿಯ ನಿದರ್ಶನದಿಂದ ಒಂದು ವಿವರಣೆ

ಪೋರ್ಟರ್ ಎಂಬುದು ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಲಂಡನ್ನಿನಲ್ಲಿ ರೂಢಿಗೆ ಬಂದ ಕಂದುಬಣ್ಣದ ಬಿಯರು. ಅಲ್ಲಿನ ಹೊರೆಯಾಳುಗಳಿಗೆ ಪ್ರಿಯವಾದುದರಿಂದ ಅವರ ಹೆಸರೇ ಅದಕ್ಕೆ ನಿಂತಿತು. ಮುಂದಿನ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಿಗಾಗಿ ಅದು ಪೀಪಾಯಿಗಳಲ್ಲಿ ಹಡಗೇರಿ ಬಂದುದೂ ಉಂಟು. ಇದರ ಗುಣನಿರ್ಣಯಕ್ಕೆ ಬಳಸುವ ಆಂಗ್ಲ ಪರಿಭಾಷೆಯಲ್ಲಿ ಬಿಸ್ಕತ್ತು, ಟಾಫಿ, ಚಾಕೊಲೇಟುಗಳ ಹೋಲಿಕೆಯೇ ಹೆಚ್ಚು. ಈ ಪದಗಳನ್ನು ಬಾಯಿಪಾಠ ಮಾಡಿದವನು ರುಚಿಯನ್ನೂ ಗುರುತಿಸುವನೆಂಬ ಭರವಸೆಯಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರಾಗಿಸೀಮೆಯಲ್ಲಿ ಬೆಳೆದವರಿಗಾದರೋ ಬೇರೊಂದು ಅಳತೆಗೋಲು ಮನೆಯಲ್ಲಿಯೇ ಇದೆ.

ಈ ಸೀಮೆಯಲ್ಲಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದ ರಾಗಿಹಿಟ್ಟು ಒಂದು ಬಗೆ; ಕಾಳು ಅರಳಾಗುವಂತೆ ಹುರಿದು ಬೀಸಿದ ಹುರಿಹಿಟ್ಟು ಇನ್ನೊಂದು. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವವು ಬಲಗೊಂಡು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಮೊಳಕೆಹಿಟ್ಟಿನ ಗಂಜಿಯು ತೆಳ್ಳಗೆ, ತುಸು ಸಿಹಿಯಾಗಿರುವುದು ಇದರಿಂದಲೇ. ಹುರಿಹಿಟ್ಟಿನಲ್ಲಿ ಕಾವಿಗೆ ಕಿಣ್ವವು ನಾಶವಾಗಿ ಪರಿಮಳವು ಮೇಲೇಳುತ್ತದೆ.

ಪೋರ್ಟರಿನಲ್ಲಿ ಈ ಎರಡು ಕಾರ್ಯಗಳನ್ನೂ ಬಾರ್ಲಿಯ ಮೊಳಕೆಕಾಳು, ಎಂದರೆ ಮಾಲ್ಟು, ನಿರ್ವಹಿಸುತ್ತದೆ. ಮೊದಲಲ್ಲಿ ಕಂದು ಮಾಲ್ಟೇ ಅದರ ಆಧಾರವಾಗಿತ್ತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ದ್ರವದ ಸಾಂದ್ರತೆಯನ್ನಳೆಯುವ ಉಪಕರಣವು ಬಳಕೆಗೆ ಬಂದು, ತಿಳಿಬಣ್ಣದ ಮಾಲ್ಟಿನಿಂದಲೇ ಹೆಚ್ಚು ಸಾರ ದೊರೆಯುವುದೆಂದು ತೋರಿಸಿಕೊಟ್ಟಿತು. ತಿಳಿ ಮಾಲ್ಟು ಹೆಚ್ಚಿದಂತೆ ಬಣ್ಣವೂ ರುಚಿಯೂ ಕುಂದಿದವು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತನು, ತಿರುಗುವ ಉರುಳೆಯಲ್ಲಿ ಮಾಲ್ಟನ್ನು ಕಪ್ಪಾಗಿ ಹುರಿಯುವ ವಿಧಾನಕ್ಕೆ ಪೇಟೆಂಟು ಪಡೆದ ಮೇಲೆ ಆ ಕೊರತೆ ನೀಗಿತು. ಕಪ್ಪು ಮಾಲ್ಟಿನಲ್ಲಿ ಕಿಣ್ವವಿಲ್ಲ; ಬಣ್ಣಕ್ಕೆ ಅದು ಸ್ವಲ್ಪವಿದ್ದರೂ ಸಾಕು.

ಆದುದರಿಂದ ಪರೀಕ್ಷಕನು ಕೇಳಿಕೊಳ್ಳಬೇಕಾದುದು ಇಷ್ಟೆ: ಮೊಳಕೆಯ ಸಿಹಿಯೂ ಹುರಿದುದರ ಪರಿಮಳವೂ ಒಂದಕ್ಕೊಂದು ಹೊಂದಿಕೊಂಡಿವೆಯೆ? ತೀರ ತಣ್ಣಗಿದ್ದರೆ ವಾಸನೆ ಏಳದು. 10ರಿಂದ 13 ಡಿಗ್ರಿ ಸೆಲ್ಸಿಯಸ್ ಶಾಖವು ಯುಕ್ತ. ಲೋಟವನ್ನು ಬೆಳಕಿಗೆ ಹಿಡಿದರೆ ಕಂದಿನೊಳಗೆ ಕೆಂಪು ಹೊಳೆಯುವುದು ಲೇಸು. ಬಣ್ಣ ಕಪ್ಪಾದಷ್ಟೂ ಅಮಲು ಹೆಚ್ಚೆಂಬ ನಂಬಿಕೆಗೆ ಆಧಾರವಿಲ್ಲ. ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆಯೊಂದು 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಇಂಗ್ಲಿಷ್ ಪೋರ್ಟರಿಗೆ ಗೊತ್ತುಮಾಡಿರುವ ಮದ್ಯಸಾರ ಶೇಕಡಾ 4.0ರಿಂದ 5.4 ಮಾತ್ರ. (ರಾಗಿಯ ಹೋಲಿಕೆ ಬಣ್ಣಕ್ಕೆ ಸಲ್ಲದು, ಅದರ ಬಣ್ಣ ಹುರಿದುದರಿಂದಲ್ಲ, ಸಿಪ್ಪೆಯಿಂದ ಬಂದುದು.) ಹದವಾಗಿ ಹುರಿದ ಹಿಟ್ಟನ್ನು ನೆನಪಿಗೆ ತರುವ ವಾಸನೆ, ಬೆಲ್ಲದ ಪಾಕದಂತಹ ಸಿಹಿ, ಹಾಪ್ ಹೂವಿನ ಮಿತವಾದ ಕಹಿ, ಇವು ಒಳ್ಳೆಯ ಲಕ್ಷಣಗಳು. ಸೀದ ವಾಸನೆಯೂ, ನುಂಗಿದ ಮೇಲೆ ನಾಲಗೆಯನ್ನು ಹಿಡಿಯುವ ಒಗರೂ ದೋಷಗಳು. ಹುರಿದ ಕಹಿಯೇ ಮುಂದಾಗಿದ್ದು ಒಗರಿಲ್ಲದಿದ್ದರೆ ಅದನ್ನು ಕೆಟ್ಟ ಬಿಯರೆಂದು ತಳ್ಳಲಾಗದು. ಅದನ್ನು ಅಮೆರಿಕದ ಪೋರ್ಟರ್ ಅಥವಾ ಸ್ಟೌಟಿನ ವರ್ಗದಲ್ಲಿಟ್ಟು ಪರೀಕ್ಷಿಸಬೇಕು.